ಗಾಣಕ್ಕೆ ಮೊದಲು ಲೆಕ್ಕ: ಉದ್ಯಮಶೀಲತಾ ತರಬೇತಿಯಿಂದ ಸಹಾಯಧನದವರೆಗೆ

ಕಳೆದ ತಿಂಗಳು ನಮ್ಮ ಎಣ್ಣೆ ಗಾಣದ ಸಾಲಕ್ಕೆ ಸಿಗಬೇಕಾಗಿದ್ದ ಸಹಾಯಧನ ಬ್ಯಾಂಕಿಗೆ ಬಂದು ನನ್ನ ಹೆಸರಿನಲ್ಲಿ ಠೇವಣಿಯಾಯಿತು. ಉದ್ಯಮಶೀಲತಾ ತರಬೇತಿಗೆ ಹೆಸರು ಕೊಟ್ಟಂದಿನಿಂದ ಒಂದೂವರೆ ವರ್ಷಕ್ಕೂ ಮೀರಿ ನಡೆದ ಓಡಾಟ ಇದರೊಂದಿಗೆ ಒಂದು ಹಂತಕ್ಕೆ ಬಂದಂತಾಯಿತು. ರೊಟ್ಟಿ ಮಾಡುವ ಘಟಕ, ಹಿಟ್ಟಿನ ಗಿರಣಿ, ಹೊಲಿಗೆ ಅಂಗಡಿ ಎಂದು ಇದೇ ದಾರಿ ಹಿಡಿದಿರುವ ಚಳ್ಳಕೆರೆ ಸುತ್ತಮುತ್ತಲಿನ ಹೆಣ್ಣುಮಕ್ಕಳು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿವೆ: ಎಷ್ಟು ಸಾಲ ಕೊಡುತ್ತಾರೆ, ಎಷ್ಟು ಮಾಫಿಯಾಗುತ್ತದೆ, ಯಾರನ್ನು ಹಿಡಿದರೆ ಬೇಗ ಆಗುತ್ತದೆ. ಈ ಮೂರಕ್ಕೂ ಕೊನೆಗೆ ಉತ್ತರ ಬರೆಯುತ್ತೇನೆ. ಆದರೆ ತರಬೇತಿಯಲ್ಲಿ ನಾನು ಕಲಿತ ಮುಖ್ಯ ವಿಷಯ ಇವುಗಳಲ್ಲಿ ಇರಲಿಲ್ಲವಾದ್ದರಿಂದ ಮೊದಲಿನಿಂದಲೇ ಹೇಳಬೇಕಾಗಿದೆ.

ನಾನು ಬಿ.ಕಾಂ. ಮುಗಿಸಿ, ಮದುವೆಗೆ ಮೊದಲು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವಳು. ಮದುವೆಯಾಗಿ ಬಂದ ಮನೆಯದು ಮಳೆಯಾಶ್ರಿತ ಜಮೀನು, ಬೆಳೆ ಶೇಂಗಾ. ಚಳ್ಳಕೆರೆ ಒಂದು ಕಾಲಕ್ಕೆ ಎಣ್ಣೆ ಗಿರಣಿಗಳಿಂದಲೇ ಹೆಸರಾದ ಪಟ್ಟಣ. ಈಗಲೂ ಹಳಬರು ಅದನ್ನು ತೈಲನಗರಿ ಎನ್ನುತ್ತಾರೆ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಗೆ ಗುರುತಿಸಿರುವುದೂ ಶೇಂಗಾವನ್ನೇ. ಇಷ್ಟೆಲ್ಲ ಇದ್ದರೂ ನಾವು ಬೆಳೆದ ಕಾಯಿಯನ್ನು ಕಿತ್ತ ವಾರದಲ್ಲೇ ಮಾರಿ, ಅಡುಗೆಗೆ ಅಂಗಡಿಯಿಂದ ಪ್ಯಾಕೆಟ್ ಎಣ್ಣೆ ತರುತ್ತಿದ್ದೆವು. ಗಾಣದ ಯೋಚನೆ ಹುಟ್ಟಿದ್ದು ಹೀಗೆ. ನಮ್ಮ ಯಜಮಾನರು ನೇರವಾಗಿ ಯಂತ್ರ ನೋಡಲು ಹೋಗೋಣವೆಂದರು. ಊಟ, ವಸತಿ ಎಲ್ಲ ಉಚಿತವಾಗಿರುವ ತರಬೇತಿ ಇರುವಾಗ ಮೊದಲು ಅದನ್ನೊಂದು ಮುಗಿಸಿಬಿಡುತ್ತೇನೆಂದು ನಾನು ಹಟ ಹಿಡಿದೆ.

ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಎಲ್ಲರೂ ಆರ್‌ಸೆಟಿ ಎಂದು ಕರೆಯುತ್ತಾರೆ. ಇವು ದೇಶದ ಬಹುತೇಕ ಜಿಲ್ಲೆಗಳಲ್ಲಿವೆ. ಇವುಗಳ ಮೂಲ ನಮ್ಮ ರಾಜ್ಯದ್ದೇ: ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮುಂದೆ ದೇಶಕ್ಕೆಲ್ಲ ವಿಸ್ತರಿಸಿತು. ಅಲ್ಪಾವಧಿಯ ತರಬೇತಿ, ಅದರ ನಂತರ ಎರಡು ವರ್ಷ ಅಭ್ಯರ್ಥಿಯ ಬೆನ್ನ ಹಿಂದೆ ನಿಲ್ಲುವುದು ಇವುಗಳ ಕ್ರಮ. ಹೋಗುವವರು ಆಧಾರ್, ಪಡಿತರ ಚೀಟಿ, ಶಾಲಾ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕ ಇವುಗಳ ಪ್ರತಿಗಳನ್ನೂ ಭಾವಚಿತ್ರಗಳನ್ನೂ ಇಟ್ಟುಕೊಂಡಿರಬೇಕು. ಚಿಕ್ಕ ಮಕ್ಕಳಿರುವವರು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆಂಬುದನ್ನು ಗಟ್ಟಿಮಾಡಿಕೊಂಡೇ ಹೋಗಬೇಕು, ಏಕೆಂದರೆ ಬೆಳಗಿನ ಯೋಗ, ಶ್ರಮದಾನದಿಂದ ಹಿಡಿದು ರಾತ್ರಿಯವರೆಗೆ ದಿನಚರಿ ಇರುತ್ತದೆ, ನಡುವೆ ಮನೆಗೆ ಹೋಗಿಬರಲು ಆಗುವುದಿಲ್ಲ. ನಮ್ಮ ಅತ್ತೆ ಮಗಳನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿದ್ದರಿಂದ ನನಗೆ ಇದು ಸಾಧ್ಯವಾಯಿತು.

ತರಗತಿಯಲ್ಲಿ ಮೊದಲ ದಿನಗಳು ಆಟಗಳಲ್ಲೇ ಕಳೆದವು. ನೆಲದಲ್ಲೊಂದು ಗೂಟ ನೆಟ್ಟು, ಅದರಿಂದ ದೂರ ದೂರಕ್ಕೆ ಗೆರೆ ಎಳೆದು, ಯಾವ ಗೆರೆಯಲ್ಲಿ ನಿಂತು ಬಳೆ ಎಸೆಯುತ್ತೀರಿ ಎಂಬ ಆಯ್ಕೆಯನ್ನು ನಮಗೇ ಬಿಡುತ್ತಾರೆ. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಎಸೆಯುವ ಮೊದಲೇ ಎಷ್ಟು ಅಂಕ ಗಳಿಸುತ್ತೇನೆಂದು ಹೇಳಿ ಬರೆಸಬೇಕು. ಗೂಟದ ಪಕ್ಕದಲ್ಲೇ ನಿಂತು ಎಲ್ಲ ಬಳೆಗಳನ್ನೂ ಹಾಕಿದವರಿಗೆ ಅಂಕ ಬರಲಿಲ್ಲ, ಗೋಡೆಯ ಬಳಿ ನಿಂತು ಎಸೆದವರಿಗೆ ಒಂದೂ ಬೀಳಲಿಲ್ಲ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಲೆಲೆಂಡ್ ಸಾಧನೆಯ ಹಂಬಲವನ್ನು ಅಭ್ಯಾಸದಿಂದ ಬೆಳೆಸಬಹುದೆಂದು ವಾದಿಸಿ, 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಇಂಥದೇ ತರಬೇತಿ ಕೊಡಿಸಿ ನೋಡಿದ್ದರಂತೆ. ಇಂದಿಗೂ ನಮ್ಮ ದೇಶದ ಉದ್ಯಮಶೀಲತಾ ತರಬೇತಿಗಳಲ್ಲಿ ಈ ಬಳೆಯಾಟ ಉಳಿದಿರುವುದಕ್ಕೆ ಅದು ಕಾರಣ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಗೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಆಟವೂ ಇತ್ತು. ಪಕ್ಕದಲ್ಲಿ ನಿಂತ ಇಬ್ಬರು ಮನೆಯವರ ಪಾತ್ರದಲ್ಲಿ ಸಲಹೆ ಕೊಡುತ್ತಿದ್ದರು, ಮತ್ತು ಎಲ್ಲರ ಮನೆಯಲ್ಲೂ ಆಗುವಂತೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ವಿರುದ್ಧ ಹೇಳುತ್ತಿದ್ದರು.

ಆಟಗಳನ್ನು ನಾನು ಮೊದಲು ಹಗುರವಾಗಿ ತೆಗೆದುಕೊಂಡಿದ್ದರೂ ಅವುಗಳ ಅರ್ಥ ಮುಂದೆ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ತಿಳಿಯುತ್ತಾ ಹೋಯಿತು. ದೊಡ್ಡ ಉದ್ಯಮಿಗಳ ಜೀವನ ಕಥೆ ಹೇಳುವ ಉಪನ್ಯಾಸಗಳಿಂದ ನನಗಂತೂ ಏನೂ ದಕ್ಕಲಿಲ್ಲ. ಶತಕೋಟಿ ವ್ಯವಹಾರ ಮಾಡಿದವರ ಸಾಹಸವನ್ನು ಕೇಳಿ ಗಾಣ ಇಡುವವರು ಕಲಿಯುವುದು ಕಡಿಮೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬಂದು, ಸಾಲ ಕೊಡುವವನು ಕಡತದಲ್ಲಿ ಯಾವ ಪುಟವನ್ನು ಮೊದಲು ತೆರೆಯುತ್ತಾನೆಂದು ತೋರಿಸಿದ ಒಂದು ಮಧ್ಯಾಹ್ನದ ತರಗತಿ ಅವೆಲ್ಲಕ್ಕಿಂತ ಬೆಲೆಯುಳ್ಳದ್ದಾಗಿತ್ತು. ನೀವು ಹೋದಾಗ ಅಂಥ ತರಗತಿ ಇದ್ದರೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.

ನಡುವೆ ಮಾರುಕಟ್ಟೆ ಸಮೀಕ್ಷೆಗೆಂದು ನಮ್ಮನ್ನು ಪೇಟೆಗೆ ಕಳುಹಿಸಿದರು. ಕಿರಾಣಿ ಅಂಗಡಿಗಳವರನ್ನು ಗಾಣದ ಎಣ್ಣೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಕೇಳಬೇಕಾದದ್ದು ಬೇರೆ: ಈಗ ಯಾರ ಎಣ್ಣೆ ಮಾರುತ್ತಿದ್ದೀರಿ, ತಿಂಗಳಿಗೆ ಎಷ್ಟು ಲೀಟರ್ ಹೋಗುತ್ತದೆ, ನಿಮಗೆ ಎಷ್ಟು ಉಳಿಯುತ್ತದೆ, ಹಣ ಯಾವಾಗ ಕೊಡುತ್ತೀರಿ. ಕೊನೆಯ ಪ್ರಶ್ನೆಗೆ ಬಂದ ಉತ್ತರ ನನ್ನ ಲೆಕ್ಕವನ್ನೇ ಬದಲಿಸಿತು. ಹೊಸಬರ ಸರಕನ್ನು ಯಾರೂ ನಗದಿಗೆ ಕೊಳ್ಳುವುದಿಲ್ಲ. ಮಾಲು ಇಟ್ಟು ಹೋಗಿ, ಮಾರಿದ ಮೇಲೆ ಕೊಡುತ್ತೇವೆ ಎನ್ನುವವರೇ ಹೆಚ್ಚು, ಮತ್ತು ಆ ಮಾರಿದ ಮೇಲೆ ಎಂಬುದು ತಿಂಗಳಿಂದ ತಿಂಗಳೂವರೆ. ಇನ್ನೊಂದು ಸಂಗತಿಯನ್ನು ಅಂಗಡಿಯವರಿಗಿಂತ ಮನೆಗಳಲ್ಲಿ ವಿಚಾರಿಸಿದಾಗ ತಿಳಿದೆ: ಹಳ್ಳಿಯ ಹೆಂಗಸರಲ್ಲಿ ಬಹಳ ಮಂದಿ ಬಾಟಲಿ ಎಣ್ಣೆ ಕೇಳಲಿಲ್ಲ, ನಾವೇ ಶೇಂಗಾ ತಂದರೆ ಆಡಿಸಿಕೊಡುತ್ತೀಯೇನಮ್ಮಾ ಎಂದು ಕೇಳಿದರು.

ಸಮೀಕ್ಷೆಯಿಂದ ಮರಳಿದ ಮೇಲೆ ಒಂದು ಗಾಣದ ಒಂದು ಆಟದ, ಅಂದರೆ ಒಂದು ಸಲ ಬೀಜ ಹಾಕಿ ಆಡಿಸುವುದರ, ಲೆಕ್ಕವನ್ನು ತರಬೇತುದಾರರು ಹಲಗೆಯ ಮೇಲೆ ನನ್ನಿಂದಲೇ ಬರೆಸಿದರು. ಅದನ್ನು ನನ್ನ ಪುಸ್ತಕದಲ್ಲಿದ್ದಂತೆಯೇ ಕೊಡುತ್ತೇನೆ, ದರಗಳು ಆಗಿನವು. ಹತ್ತು ಕೆ.ಜಿ. ಶೇಂಗಾ ಬೀಜ, ಕೆ.ಜಿ.ಗೆ 115 ರೂಪಾಯಿಯಂತೆ 1,150 ರೂಪಾಯಿ. ಮರದ ಗಾಣದಲ್ಲಿ ಅದರಿಂದ ಸುಮಾರು ನಾಲ್ಕು ಕೆ.ಜಿ. ಎಣ್ಣೆ ಬರುತ್ತದೆ; ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುವುದರಿಂದ ಅದು 4.4 ಲೀಟರ್. ಐದೂವರೆ ಕೆ.ಜಿ.ಯಷ್ಟು ಹಿಂಡಿ ಉಳಿಯುತ್ತದೆ, ದನಕರು ಸಾಕಿದವರು ಕೆ.ಜಿ.ಗೆ 40 ರೂಪಾಯಿ ಕೊಟ್ಟು ಒಯ್ಯುತ್ತಾರೆ, 220 ರೂಪಾಯಿ ಬಂತು. ಉಳಿದ 930 ರೂಪಾಯಿಯನ್ನು 4.4 ಲೀಟರಿಗೆ ಹಂಚಿದರೆ ಲೀಟರಿಗೆ 211. ಬಾಟಲಿ, ಮುಚ್ಚಳ, ಲೇಬಲ್ಲು ಸೇರಿ 16, ವಿದ್ಯುತ್ತು ಮತ್ತು ಯಂತ್ರದ ಸವಕಳಿ 6, ಬೀಜ ಆರಿಸುವ ಮತ್ತು ಗಾಣ ನಡೆಸುವ ಕೂಲಿ 18, ಬಡ್ಡಿ ಮತ್ತು ಸಾಗಣೆ 14. ಒಟ್ಟು ಅಸಲು 265 ರೂಪಾಯಿ. ಕೂಲಿಯ ಜಾಗದಲ್ಲಿ ನಿಮ್ಮ ಕೂಲಿ ಎಲ್ಲಿ ಎಂದು ತರಬೇತುದಾರರು ಎಲ್ಲರನ್ನೂ ಕೇಳುತ್ತಿದ್ದರು. ಮನೆಯವಳ ದುಡಿಮೆಗೆ ಬೆಲೆ ಬರೆಯದೆ ಲಾಭ ತೋರಿಸುವುದು ನಮ್ಮ ಹೆಂಗಸರ ಯೋಜನಾ ವರದಿಗಳಲ್ಲಿ ಸಾಮಾನ್ಯವಂತೆ. ಅಂಗಡಿಗೆ 290ಕ್ಕೆ ಕೊಟ್ಟರೆ ಲೀಟರಿಗೆ 25 ರೂಪಾಯಿ ಉಳಿಯುತ್ತದೆ.

ಈ ಲೆಕ್ಕದ ಕೆಳಗೆ ಅವರು ಒಂದು ಪ್ರಶ್ನೆ ಬರೆದರು: ಬೀಜ 125 ಆದರೆ? ಕೆ.ಜಿ.ಗೆ ಹತ್ತು ರೂಪಾಯಿ ಏರಿದರೆ ಎಣ್ಣೆಯ ಅಸಲು ಲೀಟರಿಗೆ ಸುಮಾರು 23 ರೂಪಾಯಿ ಏರುತ್ತದೆ, ಉಳಿಯುವ 25ರಲ್ಲಿ ಎರಡೇ ರೂಪಾಯಿ ಮಿಗುತ್ತದೆ. ಯಂತ್ರ ಎಷ್ಟು ಒಳ್ಳೆಯದು, ಲೇಬಲ್ಲು ಎಷ್ಟು ಚೆಂದ ಎಂಬುದಕ್ಕಿಂತ ಬೀಜವನ್ನು ಯಾವಾಗ, ಯಾವ ದರಕ್ಕೆ ಕೊಂಡಿರಿ ಎಂಬುದೇ ಗಾಣದ ಲಾಭವನ್ನು ನಿರ್ಧರಿಸುತ್ತದೆ. ನಮ್ಮಲ್ಲಿ ಮುಂಗಾರಿನ ಶೇಂಗಾ ಜೂನ್–ಜುಲೈಯಲ್ಲಿ ಬಿತ್ತನೆಯಾಗಿ ಅಕ್ಟೋಬರ್–ನವೆಂಬರ್ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ, ಆವಕ ಹೆಚ್ಚಿದ್ದಾಗ ದರ ಇಳಿದಿರುತ್ತದೆ. ಎಣ್ಣೆಯಾದರೋ ವರ್ಷವಿಡೀ ಹೋಗುತ್ತಿರುತ್ತದೆ. ದಿನಕ್ಕೆ ಎಂಟು ಆಟದಂತೆ ತಿಂಗಳಿಗೆ ಇಪ್ಪತ್ತೈದು ದಿನ ನಡೆಸಿದರೆ ಎರಡು ಸಾವಿರ ಕೆ.ಜಿ. ಬೀಜ ಬೇಕು, ಅಂದರೆ 2,30,000 ರೂಪಾಯಿ; ಮೂರು ತಿಂಗಳ ಬೀಜವನ್ನು ಸುಗ್ಗಿಯಲ್ಲೇ ಕೊಂಡಿಡುವುದಾದರೆ ಏಳು ಲಕ್ಷದ ಹತ್ತಿರ. ಗಾಣದ ಬೆಲೆ ಇದರ ಮೂರನೇ ಒಂದು ಪಾಲೂ ಇಲ್ಲ. ಇದಕ್ಕೆ ಅಂಗಡಿಗಳ ಸಾಲವನ್ನೂ ಕೂಡಿಸಿಕೊಳ್ಳಿ.

ನನ್ನ ಅಭಿಪ್ರಾಯದಲ್ಲಿ ಉದ್ಯಮಶೀಲತೆಯ ಪಾಠವೆಲ್ಲ ಇಲ್ಲಿಗೆ ಬಂದು ನಿಲ್ಲುತ್ತದೆ, ಆದರೆ ತರಗತಿಯಲ್ಲಿ ಇದಕ್ಕೆ ಸಿಗುವ ಸಮಯ ಅತಿ ಕಡಿಮೆ. ಬೀಜ ಕೊಳ್ಳಲು, ಅಂಗಡಿಗಳ ಸಾಲ ತಡೆದುಕೊಳ್ಳಲು ಬೇಕಾಗುವ ಈ ಹಣ, ಅಂದರೆ ದುಡಿಯುವ ಬಂಡವಾಳ ಎಂಬುದು, ಯೋಜನಾ ವರದಿಯ ಕೊನೆಯಲ್ಲಿ ಬರುವ ಒಂದು ಸಾಲು. ಪೇಟೆಯಲ್ಲಿ ಸಿದ್ಧ ವರದಿ ಮಾಡಿಕೊಡುವವರು ಯಂತ್ರದ ಬೆಲೆಯನ್ನು ಉಬ್ಬಿಸಿ, ಬಂಡವಾಳದ ಸಾಲಿಗೆ ಕೈಗೆ ಬಂದ ಅಂಕಿ ತುಂಬಿ, ಮೊದಲ ವರ್ಷವೇ ಘಟಕ ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತದೆಂದು ಬರೆದುಕೊಡುತ್ತಾರೆ. ನನಗೂ ಒಬ್ಬರು 5,000 ರೂಪಾಯಿಗೆ ಅಂಥದೊಂದನ್ನು ಕೊಡಲು ಮುಂದೆ ಬಂದರು. ನಾನು ತರಬೇತಿ ಸಂಸ್ಥೆಯ ಬೋಧಕರ ಸಹಾಯದಿಂದ ನನ್ನದೇ ವರದಿ ಬರೆದೆ: ಗಾಣ, ಸಿಪ್ಪೆ ಸುಲಿಯುವ ಯಂತ್ರ, ಸೋಸುವ ಯಂತ್ರ, ಸ್ಟೀಲ್ ಡ್ರಮ್ಮುಗಳು, ತಕ್ಕಡಿ ಎಲ್ಲ ಸೇರಿ 4 ಲಕ್ಷ, ಶೆಡ್ ದುರಸ್ತಿ ಮತ್ತು ವಿದ್ಯುತ್ ಕೆಲಸಕ್ಕೆ 1 ಲಕ್ಷ, ದುಡಿಯುವ ಬಂಡವಾಳಕ್ಕೆ 3 ಲಕ್ಷ. ಮೊದಲ ವರ್ಷ ಅರ್ಧ ಸಾಮರ್ಥ್ಯದಲ್ಲಿ ಮಾತ್ರ ನಡೆಯುತ್ತದೆಂದು ತೋರಿಸಿದೆ, ಮತ್ತು ಉಳಿದ ಹೊತ್ತಿನಲ್ಲಿ ಜನ ತಂದ ಶೇಂಗಾವನ್ನು ಕೆ.ಜಿ.ಗೆ 20 ರೂಪಾಯಿ ಕೂಲಿಯಂತೆ ಆಡಿಸಿಕೊಡುವ ಆದಾಯವನ್ನು ಬೇರೆಯಾಗಿ ಬರೆದೆ. ಕೂಲಿ ಗಾಣಕ್ಕೆ ಬೀಜ ಕೊಳ್ಳಬೇಕಿಲ್ಲ, ಸಾಲ ಕೊಡಬೇಕಿಲ್ಲ, ಅಂದಿನ ಹಣ ಅಂದೇ ಕೈಗೆ ಬರುತ್ತದೆ. ಬಳೆಯಾಟದಲ್ಲಿ ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ನಡುವಿನ ಗೆರೆ ಎಂದು ತರಬೇತುದಾರರು ಹೇಳಿದ್ದು ನನ್ನ ಪಾಲಿಗೆ ಇದೇ ಆಗಿತ್ತು.

ಯೋಜನೆ ಆರಿಸುವುದು ಮುಂದಿನ ಕೆಲಸ. ಇಲ್ಲಿ ಹೇಳುವ ದರ, ಮಿತಿಗಳೆಲ್ಲ ನಾನು ಅರ್ಜಿ ಹಾಕಿದಾಗಿನವು. ಆಹಾರ ಸಂಸ್ಕರಣೆಗೆ ಕಿರು ಆಹಾರ ಉದ್ಯಮಗಳ ಯೋಜನೆ ಇದೆ, ಪಿಎಂಎಫ್‌ಎಂಇ ಎನ್ನುತ್ತಾರೆ. ಅದರಲ್ಲಿ ಕೇಂದ್ರದ ಶೇ 35ಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿ ಶೇ 50ರಷ್ಟು ಸಹಾಯಧನ ಕೊಡುತ್ತದೆ. ಇನ್ನೊಂದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಪಿಎಂಇಜಿಪಿ. 2008ರಲ್ಲಿ ಆರಂಭವಾದ ಇದನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ನೋಡಿಕೊಳ್ಳುತ್ತದೆ. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿ ಯೋಜನಾ ವೆಚ್ಚದ ಮಿತಿ. ಗ್ರಾಮೀಣ ಪ್ರದೇಶದ ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ಶೇ 35, ಪಟ್ಟಣದಲ್ಲಾದರೆ ಶೇ 25. ಸಾಮಾನ್ಯ ವರ್ಗದ ಪುರುಷರಿಗೆ ಹಳ್ಳಿಯಲ್ಲಿ ಶೇ 25, ಪಟ್ಟಣದಲ್ಲಿ ಶೇ 15. ಸ್ವಂತ ವಂತಿಗೆ ಮೊದಲಿನವರಿಗೆ ಶೇ 5, ಉಳಿದವರಿಗೆ ಶೇ 10. ಶೇಕಡಾವಾರು ನೋಡಿ ಹೆಚ್ಚಿನವರು ಮೊದಲನೆಯದೇ ಲಾಭವೆನ್ನುತ್ತಾರೆ. ಆದರೆ ಅಲ್ಲಿ ಸಹಾಯಧನದ ಒತ್ತು ಯಂತ್ರೋಪಕರಣಗಳ ಮೇಲಿದೆ, ಪಿಎಂಇಜಿಪಿಯಲ್ಲಿ ಒಂದು ಆವರ್ತದ ದುಡಿಯುವ ಬಂಡವಾಳವೂ ಯೋಜನಾ ವೆಚ್ಚದೊಳಗೆ ಬರುತ್ತದೆ. ಐದು ಲಕ್ಷದ ಅರ್ಧ ಎರಡೂವರೆ ಲಕ್ಷ. ಎಂಟು ಲಕ್ಷದ ಶೇ 35 ಎಂದರೆ 2,80,000. ನನ್ನ ಘಟಕಕ್ಕೆ ಎರಡನೆಯದು ಹೊಂದಿತು. ಯಂತ್ರಕ್ಕೇ ಹೆಚ್ಚು ಹಣ ಹೋಗುವ ಘಟಕಕ್ಕೆ ಮೊದಲನೆಯದು ಹೊಂದಬಹುದು. ಎರಡೂ ರೀತಿ ಲೆಕ್ಕ ಹಾಕಿಯೇ ತೀರ್ಮಾನಿಸಿ.

ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ, ಅದಕ್ಕೆ ಶುಲ್ಕವಿಲ್ಲ. ಆಧಾರ್, ಪ್ಯಾನ್, ಭಾವಚಿತ್ರ, ಅಂಕಪಟ್ಟಿ, ಯೋಜನಾ ವರದಿ, ತರಬೇತಿ ಪ್ರಮಾಣಪತ್ರ ಮತ್ತು ಘಟಕ ಇರುವ ಸ್ಥಳ ಗ್ರಾಮೀಣ ಪ್ರದೇಶವೆಂದು ಗ್ರಾಮ ಪಂಚಾಯಿತಿಯ ಪಿಡಿಒ ಕೊಡುವ ಪತ್ರ ಬೇಕು. ಮಹಿಳೆಯೆಂಬ ಕಾರಣಕ್ಕೇ ವಿಶೇಷ ವರ್ಗ ಸಿಗುವುದರಿಂದ ನನಗೆ ಜಾತಿ ಪ್ರಮಾಣಪತ್ರ ಬೇಕಾಗಲಿಲ್ಲ. ತಯಾರಿಕೆಯಲ್ಲಿ 10 ಲಕ್ಷಕ್ಕೂ ಸೇವೆಯಲ್ಲಿ 5 ಲಕ್ಷಕ್ಕೂ ಮೇಲ್ಪಟ್ಟ ಯೋಜನೆಗೆ ಎಂಟನೇ ತರಗತಿ ಪಾಸಾಗಿರಬೇಕು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಸಾಲ. ಜಮೀನಿನ ಬೆಲೆ ಯೋಜನಾ ವೆಚ್ಚಕ್ಕೆ ಸೇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಯೋಜನೆಯ ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ, ಆದ್ದರಿಂದ ಮಂಜೂರಾತಿಗೆ ಮೊದಲು ಯಂತ್ರ ಕೊಂಡು ನಡೆಸಲು ಶುರುಮಾಡಬೇಡಿ. ಶೆಡ್ ನಮ್ಮ ಮಾವನವರ ಹೆಸರಿನಲ್ಲಿತ್ತು. ಅದಕ್ಕೆ ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆಗಳನ್ನು ತೆಗೆಸಿ, ಛಾಪಾ ಕಾಗದದ ಮೇಲೆ ಬಾಡಿಗೆ ಕರಾರು ಬರೆಸಬೇಕಾಯಿತು. ಮನೆಯೊಳಗಿನ ವಿಷಯಕ್ಕೂ ಕರಾರೇ ಎಂದು ಮಾವನವರಿಗೆ ಸ್ವಲ್ಪ ಬೇಸರವಾಯಿತು. ಇದನ್ನು ಮೊದಲೇ ಹಿರಿಯರಿಗೆ ತಿಳಿಸಿ ಹೇಳುವುದು ಒಳ್ಳೆಯದು.

ಅರ್ಜಿ ಪರಿಶೀಲನೆಯಾಗಿ ಬ್ಯಾಂಕಿಗೆ ಹೋದದ್ದು ಬೇಗ. ಕಾಯಬೇಕಾದದ್ದು ಅಲ್ಲಿಂದ ಮುಂದೆ. ಶಾಖೆಯ ಹೆಸರು ಬೇಡ. ಮೊದಲು, ಬೇರೆ ಬ್ಯಾಂಕುಗಳಿಂದಲೂ ಸಹಕಾರ ಸಂಘದಿಂದಲೂ ಬಾಕಿ ಇಲ್ಲವೆಂಬ ಪತ್ರ ಕೇಳಿದರು. ಯಜಮಾನರ ಹೆಸರಿನಲ್ಲಿ ಸಂಘದ ಬೆಳೆಸಾಲವಿತ್ತು. ಅದು ಸುಸ್ತಿಯಲ್ಲ, ಕಂತಿನ ಅವಧಿ ಇನ್ನೂ ಮುಗಿದಿಲ್ಲ ಎಂದು ಸಂಘದಿಂದ ಬರೆಸಿ ತಂದುಕೊಟ್ಟ ಮೇಲೆ ಆ ಆಕ್ಷೇಪಣೆ ಬಿಟ್ಟರು. ಬಳಿಕ ಯಂತ್ರದ ಕೊಟೇಶನ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ಕಾಣಿಸಿಲ್ಲವೆಂದು ವಾಪಸು ಬಂತು. ಕೊಯಮತ್ತೂರಿನ ತಯಾರಕರು ಹೊಸದನ್ನು ಕಳುಹಿಸಿದರು. ಅಷ್ಟರಲ್ಲಿ ವ್ಯವಸ್ಥಾಪಕರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಕಡತವನ್ನು ಮೊದಲಿನಿಂದ ನೋಡುವುದು ಸಹಜವೇ, ಆದರೂ ಮುಗಿಯಿತೆಂದುಕೊಂಡ ಕೆಲಸ ಮತ್ತೆ ಮೊದಲಿಗೆ ಬಂದಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಬಸ್ಸಿನಲ್ಲಿ ಮರಳುವಾಗ, ಇದ್ದ ಹಾಗೆ ಇದ್ದುಬಿಡುವುದೇ ಮೇಲೆಂದು ಅನ್ನಿಸಿದ ದಿನಗಳೂ ಇದ್ದವು.

ಹೊಸ ವ್ಯವಸ್ಥಾಪಕರು ಎರಡು ಮಾತು ಹೇಳಿದರು. ಜಮೀನಿನ ಅಡಮಾನ ಕೊಡಿ ಎಂಬುದು ಒಂದು; ದುಡಿಯುವ ಬಂಡವಾಳವನ್ನು ಒಂದು ಲಕ್ಷಕ್ಕೆ ಇಳಿಸಿ, ಉಳಿದದ್ದನ್ನು ಆಮೇಲೆ ನೋಡೋಣ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ತರಗತಿಯಲ್ಲೇ ಸಿಕ್ಕಿತ್ತು: ಕಿರು ಮತ್ತು ಸಣ್ಣ ಉದ್ಯಮಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ಆಗ ರಿಸರ್ವ್ ಬ್ಯಾಂಕಿನ ಸೂಚನೆಯಿತ್ತು, ಸಾಲ ಮರಳದಿದ್ದರೆ ಬ್ಯಾಂಕಿನ ನಷ್ಟವನ್ನು ಬಹುಮಟ್ಟಿಗೆ ತುಂಬುವ ಖಾತರಿ ನಿಧಿಯ ರಕ್ಷಣೆಯೂ ಇಂಥ ಸಾಲಗಳಿಗೆ ಇದೆ. ಇದನ್ನು ಜಗಳದ ದನಿಯಲ್ಲಿ ಹೇಳಬಾರದು. ಖಾತರಿ ನಿಧಿಯಡಿ ಸೇರಿಸಿ ಕೊಡಬಹುದೇ ಸರ್, ಅದರ ಶುಲ್ಕ ನಾನೇ ಭರಿಸುತ್ತೇನೆ ಎಂದು ಲಿಖಿತ ಮನವಿ ಕೊಟ್ಟೆ, ಮತ್ತೆ ಅಡಮಾನದ ಮಾತು ಬರಲಿಲ್ಲ. ಎರಡನೆಯದು ಕಷ್ಟವಾಯಿತು. ಯಂತ್ರ ಕಣ್ಣಿಗೆ ಕಾಣುತ್ತದೆ, ಬಂಡವಾಳದ ಹಣ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲವೆಂಬ ಭಯ ಬ್ಯಾಂಕಿನವರಿಗೆ ಇರುತ್ತದೆ, ಅದರಲ್ಲಿ ಹುರುಳೂ ಇದೆ. ನಾನು ಹಲಗೆಯ ಮೇಲೆ ಬರೆದಿದ್ದ ಹತ್ತು ಕೆ.ಜಿ. ಲೆಕ್ಕವನ್ನು ಶುದ್ಧಪ್ರತಿ ಮಾಡಿ, ತಿಂಗಳಿಗೆ ಬೇಕಾಗುವ ಬೀಜ, ಅಂಗಡಿಗಳಿಂದ ಹಣ ಬರುವ ಅವಧಿ, ಕೂಲಿ ಗಾಣದ ಆದಾಯ ಇಷ್ಟನ್ನೂ ಒಂದೇ ಹಾಳೆಯಲ್ಲಿ ತೋರಿಸಿ ಮುಂದಿಟ್ಟೆ. ಅವರು ಅದನ್ನು ಬಹಳ ಹೊತ್ತು ನೋಡಿ, ‘ಹಿಂಡಿ ನಲವತ್ತಕ್ಕೆ ಹೋಗುತ್ತಾ ಮೇಡಂ?’ ಎಂದು ಮಾತ್ರ ಕೇಳಿದರು. ಮೂರು ಲಕ್ಷವನ್ನು ಕ್ಯಾಶ್ ಕ್ರೆಡಿಟ್ ರೂಪದಲ್ಲಿ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಮತ್ತೆ ಕಟ್ಟುವ ಸಾಲವಾಗಿ, ಮಂಜೂರು ಮಾಡಿದರು. ಇದಕ್ಕೂ ಒಂದು ಷರತ್ತಿದೆ: ಮೂರು ವರ್ಷದೊಳಗೆ ಒಮ್ಮೆಯಾದರೂ ಮಿತಿಯನ್ನು ಪೂರ್ತಿ ಬಳಸಿರಬೇಕು, ಒಟ್ಟಾರೆ ಬಳಕೆ ಶೇ 75ಕ್ಕಿಂತ ಕಡಿಮೆಯಾಗಬಾರದು. ಬಳಸದೆ ಸುಮ್ಮನೆ ಇಟ್ಟರೆ ಸಹಾಯಧನದ ಲೆಕ್ಕಕ್ಕೆ ತೊಂದರೆ.

ಮಂಜೂರಾದ ಮೇಲೆ ಸ್ವಂತ ವಂತಿಗೆ 40,000 ರೂಪಾಯಿ ಕಟ್ಟಿದೆ. ಈ ಹಂತದಲ್ಲಿ ಉದ್ಯಮಶೀಲತಾ ತರಬೇತಿಯ ಪ್ರಮಾಣಪತ್ರ ಕಡ್ಡಾಯವಾಗಿ ಬೇಕು. ನನ್ನ ಹಳೆಯ ಪ್ರಮಾಣಪತ್ರವನ್ನೇ ಒಪ್ಪಿದರು. ನಿಮ್ಮದನ್ನು ಒಪ್ಪುತ್ತಾರೆಯೇ ಎಂದು ಅರ್ಜಿ ಹಾಕುವಾಗಲೇ ಕೇಳಿಟ್ಟುಕೊಳ್ಳಿ. ಯಂತ್ರದ ಹಣ ನಮ್ಮ ಕೈಗೆ ಬರುವುದಿಲ್ಲ, ತಯಾರಕರ ಖಾತೆಗೆ ಹೋಗುತ್ತದೆ. ಗಾಣ ಬಂದರೂ ಶೆಡ್ಡಿಗೆ ಮೂರು ಫೇಸ್ ವಿದ್ಯುತ್ ಸಂಪರ್ಕ ಆಗಿರಲಿಲ್ಲ, ಕಂಬ ಹಾಕುವುದಿತ್ತು. ಆದ್ದರಿಂದ ಶೆಡ್ ಗೊತ್ತಾದ ಕೂಡಲೇ ವಿದ್ಯುತ್ ಅರ್ಜಿ ಹಾಕುವುದು ಉತ್ತಮ.

ಪರವಾನಗಿಗಳ ವಿಷಯದಲ್ಲಿ ಜನ ಹೆದರುವಷ್ಟು ಏನೂ ಇಲ್ಲ. ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಸರ್ಕಾರದ ತಾಣವನ್ನೇ ಹೋಲುವ ಖಾಸಗಿ ತಾಣಗಳು ಶುಲ್ಕ ಕೇಳುತ್ತವೆ, ಕೊಡಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಗೆ, ವಾರ್ಷಿಕ ವಹಿವಾಟು 12 ಲಕ್ಷದೊಳಗೆ ಇರುವವರಿಗೆ, ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು, ಪ್ಯಾಕ್ ಮಾಡಿ ಮಾರುವವರಾಗಿ ಅಲ್ಲಿಯೂ ನೋಂದಾಯಿಸಿಕೊಳ್ಳಬೇಕು. ಲೇಬಲ್ಲಿನ ಮೇಲೆ ಹೆಸರು, ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ಗ್ರಾಹಕರು ಸಂಪರ್ಕಿಸುವ ಸಂಖ್ಯೆ ಎಲ್ಲ ಇರಬೇಕು. ಎಣ್ಣೆಗೆ ಲೀಟರಿನ ಜೊತೆ ತೂಕವನ್ನೂ ಬರೆಯಬೇಕು. ಮುದ್ರಣಕ್ಕೆ ಕೊಡುವ ಮೊದಲು ಕರಡನ್ನು ಅಧಿಕಾರಿಗಳಿಗೆ ತೋರಿಸಿ ಬನ್ನಿ. ಖಾದ್ಯ ತೈಲವನ್ನು ಬಿಡಿಯಾಗಿ ಮಾರದೆ ಮುಚ್ಚಿ ಮುದ್ರೆ ಹಾಕಿದ ಪ್ಯಾಕಿನಲ್ಲೇ ಮಾರಬೇಕೆಂಬುದು ನಿಯಮ, ಕ್ಯಾನು ಹಿಡಿದು ಬರುವ ನೆಂಟರಿಷ್ಟರಿಗೆ ಇದನ್ನು ವಿವರಿಸುವುದೇ ಪ್ರತ್ಯೇಕ ಕೆಲಸವಾಗಿಬಿಟ್ಟಿದೆ.

ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಸುಗ್ಗಿ ದಾಟಿ ಹೋಗಿ ಬೀಜದ ದರ ಏರಿತ್ತು. ಆಗ ಕೂಲಿ ಗಾಣವೇ ನಮ್ಮನ್ನು ಉಳಿಸಿತು. ಚೀಲ ಹೊತ್ತು ತಂದ ಹೆಂಗಸರು ತಮ್ಮ ಬೀಜದ ಎಣ್ಣೆ ತಮ್ಮ ಕಣ್ಣೆದುರೇ ಬರುವವರೆಗೆ ಕುಳಿತಿರುತ್ತಾರೆ. ಪಕ್ಕದವರ ಬೀಜದ್ದು ಬೆರೆಯಬಾರದೆಂದು ಗಾಣವನ್ನು ಒರೆಸಿಸಿ ನೋಡುತ್ತಾರೆ. ಅವರಿಂದಲೇ ನಾನು ಬೀಜ ನೋಡುವುದನ್ನು ಕಲಿತೆ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಣಗಿದ್ದು ಗಲಗಲ ಎನ್ನುತ್ತದೆ. ಬೀಜವನ್ನು ಹಲ್ಲಿನಲ್ಲಿ ಕಚ್ಚಿದರೆ ಟಕ್ ಎಂದು ಮುರಿಯಬೇಕು, ಮೆತ್ತಗೆ ಬಾಗಿದರೆ ಇನ್ನೂ ಹಸಿ. ಹಸಿ ಇದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆದ್ದರಿಂದ ಕಪ್ಪಾದ, ಸುಕ್ಕಾದ ಬೀಜವನ್ನು ಕೈಯಲ್ಲೇ ಆರಿಸಿ ತೆಗೆಯದೆ ಗಾಣಕ್ಕೆ ಹಾಕಬಾರದು. ಗಾಣದಿಂದ ಬಂದ ಎಣ್ಣೆಯನ್ನು ಎರಡು ಮೂರು ದಿನ ಡ್ರಮ್ಮಿನಲ್ಲಿ ಬಿಟ್ಟು ಮಡ್ಡಿ ತಳಕ್ಕಿಳಿದ ಮೇಲೆ ಸೋಸುತ್ತೇವೆ.

ಇನ್ನು ಮೊದಲು ಹೇಳಿದ ಮೂರು ಪ್ರಶ್ನೆಗಳು. ಎಷ್ಟು ಸಾಲ ಎಂದರೆ, ನನಗೆ ಎಂಟು ಲಕ್ಷದಲ್ಲಿ ಸ್ವಂತ ವಂತಿಗೆ ಕಳೆದು 7,60,000. ಮಾಫಿ ಎಂಬುದು ಇಲ್ಲ. ಸಹಾಯಧನವನ್ನು ಬ್ಯಾಂಕಿನವರು ಮೊದಲ ಕಂತು ಬಿಡುಗಡೆ ಮಾಡಿದ ಮೇಲೆ ಕೇಳಿ ತರಿಸುತ್ತಾರೆ. ಅದು ಮೂರು ವರ್ಷ ನಮ್ಮ ಹೆಸರಿನ ಠೇವಣಿಯಾಗಿ ಇರುತ್ತದೆ, ಠೇವಣಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕುವುದಿಲ್ಲ. ಅಂದರೆ ನಾನು ಬಡ್ಡಿ ಕಟ್ಟುವುದು 4,80,000ಕ್ಕೆ. ಆದರೆ ಸಹಾಯಧನ ಬರುವವರೆಗಿನ ತಿಂಗಳುಗಳಲ್ಲಿ ಬಿಡುಗಡೆಯಾದ ಹಣಕ್ಕೆಲ್ಲ ಬಡ್ಡಿ ಕಟ್ಟಿದೆ. ಆ ಬಡ್ಡಿಗೆ ಮೊದಲೇ ಸ್ವಲ್ಪ ಹಣ ತೆಗೆದಿಟ್ಟುಕೊಳ್ಳಿ, ಮತ್ತು ಶಾಖೆಯವರು ಕೋರಿಕೆ ಕಳುಹಿಸಿದರೇ ಎಂದು ವಿಚಾರಿಸುತ್ತಿರಿ. ಮರುಪಾವತಿಗೆ, ಕಂತು ಕಟ್ಟಬೇಕಿಲ್ಲದ ಆರಂಭದ ವಿರಾಮದ ನಂತರ, ಮೂರರಿಂದ ಏಳು ವರ್ಷ ಕಾಲಾವಕಾಶವಿರುತ್ತದೆ. ಯಾರನ್ನು ಹಿಡಿಯಬೇಕೆಂಬುದಕ್ಕೆ, ಈ ಯೋಜನೆಗೆ ಸರ್ಕಾರ ಯಾವ ಖಾಸಗಿ ಮಧ್ಯವರ್ತಿಯನ್ನೂ ನೇಮಿಸಿಲ್ಲ. ಸಹಾಯಧನದಲ್ಲಿ ಪಾಲು ಕೇಳುವವರಿಗೆ ಅರ್ಜಿಯ ಸಂಖ್ಯೆಯನ್ನೂ ಮೊಬೈಲಿಗೆ ಬರುವ ಒಟಿಪಿಯನ್ನೂ ಕೊಡಬೇಡಿ.

ಮೂರು ವರ್ಷ ಘಟಕ ನಡೆದಿರುವುದನ್ನು ಸ್ಥಳಕ್ಕೆ ಬಂದು ನೋಡಿದ ಮೇಲೆಯೇ ಠೇವಣಿ ಸಾಲಕ್ಕೆ ಜಮೆಯಾಗುತ್ತದೆ. ಅದಕ್ಕೆಂದು ಯಂತ್ರದ ಬಿಲ್ಲುಗಳು, ವಿದ್ಯುತ್ ಬಿಲ್ಲುಗಳು, ಬೀಜ ಕೊಂಡ ಚೀಟಿಗಳು, ಮಾರಾಟದ ಪುಸ್ತಕ, ಕೂಲಿ ಕೊಟ್ಟ ವಹಿ ಇವನ್ನು ಒಂದೇ ಕಡತದಲ್ಲಿ ಇಡುತ್ತಿದ್ದೇನೆ. ಯೋಜನೆಯ ಮತ್ತು ಬ್ಯಾಂಕಿನ ಹೆಸರಿರುವ ಫಲಕವನ್ನು ಶೆಡ್ಡಿನ ಮುಂದೆ ಹಾಕಿಸುವುದೂ ನಿಯಮ, ಬರೆಯಿಸಲು 1,800 ರೂಪಾಯಿ ಆಯಿತು. ಮುಂಬರುವ ಅಕ್ಟೋಬರಿನಲ್ಲಿ ಕ್ಯಾಶ್ ಕ್ರೆಡಿಟ್‌ನ ಮೂರು ಲಕ್ಷವನ್ನೂ ಬೀಜಕ್ಕೇ ಹಾಕುವುದೆಂದು ತೀರ್ಮಾನಿಸಿದ್ದೇವೆ. ಸುಗ್ಗಿಯ ಸರಕನ್ನು ನಂಬಿ ಘಟಕ ಮಾಡುವವರು ಆ ಸುಗ್ಗಿಗೆ ಒಂದು ವರ್ಷ ಮೊದಲೇ ಅರ್ಜಿ ಹಾಕಬೇಕೆಂದು ನನ್ನ ಅಂದಾಜು.